ಕೋಳಿಗೂಡಿನ ಉಷ್ಣಮಾಪಕ ತಪ್ಪು ಹೇಳಿದರೆ

ಎಳೆಯ ಕೋಳಿಮರಿಗಳಿಗೆ ಮೊದಲ ವಾರ ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಮುಂದೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಬರಬೇಕು. ರಾತ್ರಿ ಎದ್ದೆದ್ದು ದೀಪ ನೋಡುವ ಕಷ್ಟ ತಪ್ಪಲೆಂದು ವರ್ಕಾಡಿಯ ನಮ್ಮ ಗೂಡಿಗೆ ನಾವು ಎಲ್‌ಎಂ-35 ಎಂಬ ಸೆನ್ಸರನ್ನೂ ಆರ್ಡುಯಿನೊ ಉನೊ ಹಲಗೆಯನ್ನೂ ಜೋಡಿಸಿದೆವು. ಶಾಖ 35ಕ್ಕಿಂತ ಕಡಿಮೆಯಾದರೆ ದೀಪ ಹತ್ತಬೇಕು, ಹೆಚ್ಚಾದರೆ ಆರಬೇಕು. ಮಳೆಗಾಲದ ಒಂದು ಸಂಜೆ ಗಾಜಿನ ಉಷ್ಣಮಾಪಕದೊಡನೆ ಹೋಲಿಸಿದೆವು. ಎರಡೂ 27 ತೋರಿಸಿದವು. ನಿಶ್ಚಿಂತೆಯಿಂದ ಮರಿಗಳನ್ನು ಬಿಟ್ಟೆವು.

ಬೆಳಿಗ್ಗೆ ನೋಡಿದರೆ ದೀಪ ಉರಿಯುತ್ತಲೇ ಇತ್ತು. ಮರಿಗಳು ಕೊಕ್ಕು ತೆರೆದು, ರೆಕ್ಕೆ ಇಳಿಬಿಟ್ಟು ಗೋಡೆಗೆ ಒತ್ತಿ ನಿಂತಿದ್ದವು. ಆರು ಮರಿಗಳು ಸತ್ತಿದ್ದವು. ಗಾಜಿನ ಮಾಪಕದಲ್ಲಿ 42. ಯಂತ್ರದಲ್ಲಿ ಮೈನಸ್ 22!

ಸೆನ್ಸರ್ ಕೆಟ್ಟಿತೆಂದೇ ನಾವು ಮೊದಲು ಭಾವಿಸಿದೆವು. ಆದರೆ ಲೆಕ್ಕ ಹಾಕುವ ಮುಂಚಿನ ಮೂಲ ಅಂಕಿಯನ್ನು ಪರದೆಗೆ ತರಿಸಿದಾಗ 86 ಎಂದು ಬಂತು. ಅದು ಸರಿಯೇ. ಹೇಗೆಂದರೆ, ಈ ಸೆನ್ಸರ್ ಡಿಗ್ರಿಗೆ 10 ಮಿಲಿವೋಲ್ಟ್ ಕೊಡುತ್ತದೆ. ಹಲಗೆಯು 5 ವೋಲ್ಟನ್ನು 1024 ಪಾಲು ಮಾಡಿ ಅಳೆಯುತ್ತದೆ. ಆದುದರಿಂದ ಮೂಲ ಅಂಕಿಯನ್ನು 500ರಿಂದ ಗುಣಿಸಿ 1024ರಿಂದ ಭಾಗಿಸಿದರೆ ಡಿಗ್ರಿ ಸಿಗಬೇಕು.

ತಪ್ಪಿದ್ದುದು ನಾವು ಬರೆದ ಗುಣಾಕಾರದಲ್ಲಿ. ಉನೊ ಹಲಗೆಯ 'ಇಂಟ್' ಎಂಬ ಪೂರ್ಣಾಂಕದಲ್ಲಿ 32767ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸದು. ಮೀರಿದರೆ 65536 ಕಳೆದುಹೋಗುತ್ತದೆ. 86×500 ಎಂದರೆ 43000. ಅದು ಮೈನಸ್ 22536 ಆಯಿತು, ಭಾಗಿಸಿದಾಗ ಮೈನಸ್ 22 ಉಳಿಯಿತು. ಮೂಲ ಅಂಕಿ 65ರ ತನಕ, ಅಂದರೆ ಸುಮಾರು 32 ಡಿಗ್ರಿಯ ತನಕ, ಲೆಕ್ಕ ಸರಿ. 66ಕ್ಕೆ ಮುಟ್ಟಿದೊಡನೆ ತಲೆಕೆಳಗು. ನಾವು ಪರೀಕ್ಷಿಸಿದ್ದು 27ರಲ್ಲಿ ಮಾತ್ರ!

ಪರಿಹಾರ ಸುಲಭ. 500ರ ಬಲಕ್ಕೆ 'ಎಲ್' ಅಕ್ಷರ ಸೇರಿಸಿದರೆ ಗುಣಾಕಾರ 'ಲಾಂಗ್' ಎಂಬ ದೊಡ್ಡ ಪಾತ್ರೆಯಲ್ಲಿ ನಡೆಯುತ್ತದೆ. ಉತ್ತರವನ್ನು ಮಾತ್ರ ಲಾಂಗ್‌ನಲ್ಲಿ ಇಟ್ಟರೆ ಸಾಲದು; ಅಷ್ಟರಲ್ಲಿ ಗುಣಾಕಾರ ಕೆಟ್ಟಿರುತ್ತದೆ.

ಇನ್ನೊಂದು ದೋಷ ಒಂದೆರಡು ಡಿಗ್ರಿಯ ವ್ಯತ್ಯಾಸ. ಚಾರ್ಜರ್ 5ರ ಬದಲು 4.7 ವೋಲ್ಟ್ ಕೊಟ್ಟರೆ 30 ಡಿಗ್ರಿ 31, 32ರಂತೆ ಕಾಣುತ್ತದೆ. ಹಲಗೆಯ ವೋಲ್ಟನ್ನು ಅಳೆದು ಲೆಕ್ಕದಲ್ಲಿ ಆ ಅಂಕಿಯನ್ನೇ ಹಾಕಬೇಕು.

ಆದುದರಿಂದ ಕೃಷಿಕ ಬಂಧುಗಳು ಇಷ್ಟು ನೆನಪಿಡತಕ್ಕದ್ದು:

1. ಸೆನ್ಸರನ್ನು ಬಿಸಾಡುವ ಮೊದಲು ಮೂಲ ಅಂಕಿಯನ್ನು ನೋಡಿ, ಕಾಗದದಲ್ಲಿ ಲೆಕ್ಕ ಮಾಡಿರಿ.

2. ಬೇಕಾದ ಶಾಖಕ್ಕಿಂತ ಕೆಳಗೂ ಮೇಲೂ ಪರೀಕ್ಷಿಸಿರಿ.

3. ಅಂಕಿ 5ಕ್ಕಿಂತ ಕಡಿಮೆ ಅಥವಾ 50ಕ್ಕಿಂತ ಹೆಚ್ಚು ಬಂದರೆ ದೀಪ ಆರಿ ಗಂಟೆ ಬಾರಿಸುವಂತೆ ಬರೆಯಿರಿ.

4. ಮೊದಲ ರಾತ್ರಿ ಒಮ್ಮೆ ಎದ್ದು ಗೂಡಿಗೆ ಹೋಗಿರಿ. ದೀಪದಡಿ ಗುಂಪುಗೂಡಿದರೆ ಮರಿಗಳಿಗೆ ಚಳಿ. ದೂರ ಸರಿದರೆ ಸೆಕೆ. ಈ ಮಾಪಕಕ್ಕೆ ಲೆಕ್ಕ ತಪ್ಪುವುದಿಲ್ಲ.