ಆದಾಯ ತೆರಿಗೆ ಇಲಾಖೆಯ ಒಳಪರೀಕ್ಷೆ: ಕಾಯ್ದೆ ಓದುವ ಅಭ್ಯಾಸ

ಆದಾಯ ತೆರಿಗೆ ಇಲಾಖೆಯಲ್ಲಿ ಬಡ್ತಿಗೆ ಸೇವಾ ಹಿರಿತನ ಒಂದೇ ಸಾಲದು. ಟ್ಯಾಕ್ಸ್ ಅಸಿಸ್ಟೆಂಟ್ ಆಗಿ ಸೇರಿದವರು ಇನ್‌ಸ್ಪೆಕ್ಟರ್ ಆಗಬೇಕಾದರೆ ಒಂದು ಇಲಾಖಾ ಪರೀಕ್ಷೆ ಪಾಸು ಮಾಡಬೇಕು. ಇನ್‌ಸ್ಪೆಕ್ಟರ್ ಆದವರು ಆದಾಯ ತೆರಿಗೆ ಅಧಿಕಾರಿ, ಅಂದರೆ ಐಟಿಒ, ಆಗಬೇಕಾದರೆ ಇನ್ನೊಂದು. ಆದಾಯ ತೆರಿಗೆ ಕಾನೂನು, ಲೆಕ್ಕಪತ್ರ, ಕಚೇರಿ ಕಾರ್ಯವಿಧಾನ ಇವು ಪರೀಕ್ಷೆಯ ಮುಖ್ಯ ವಿಷಯಗಳು. ಬರೆಯುವವರು ಕಾಲೇಜು ಬಿಟ್ಟು ವರ್ಷಗಳಾದವರು. ಹಗಲು ಕಚೇರಿ, ಸಂಜೆ ಮನೆ, ಉಳಿದ ಒಂದೆರಡು ಗಂಟೆಯಲ್ಲಿ ಓದು. ಇವರಿಗೆ ಹೆಚ್ಚು ತೊಡಕಾಗುವುದು ಕಾನೂನಿನ ಪತ್ರಿಕೆಯೇ.

ಈ ಪರೀಕ್ಷೆಗೆ ಒಂದು ಗಟ್ಟಿ ಕಾರಣವಿದೆ. ಐಟಿಒ ಸಹಿ ಹಾಕುವ ಆದೇಶದಿಂದ ಒಬ್ಬ ವ್ಯಾಪಾರಿಯ ಮೇಲೆ ಲಕ್ಷಾಂತರ ರೂಪಾಯಿಯ ಬೇಡಿಕೆ ಬೀಳಬಹುದು. ನೋಟಿಸ್ ಒಂದು ದಿನ ತಡವಾಗಿ ತಲುಪಿದರೆ ಸರ್ಕಾರಕ್ಕೆ ನ್ಯಾಯವಾಗಿ ಬರಬೇಕಾದ ತೆರಿಗೆಯೂ ಕೈತಪ್ಪಬಹುದು. ಕಾಯ್ದೆಯ ವಾಕ್ಯವನ್ನು ಅದು ಇರುವ ಹಾಗೆ ಓದಬಲ್ಲವರ ಕೈಗೇ ಈ ಅಧಿಕಾರ ಹೋಗಬೇಕು. ಆದ್ದರಿಂದ ತಯಾರಿ ಎಂದರೆ ಸೆಕ್ಷನ್ ನಂಬರುಗಳ ಬಾಯಿಪಾಠ ಎಂದುಕೊಂಡವರು ಮೊದಲ ಹೆಜ್ಜೆಯಲ್ಲೇ ದಾರಿ ತಪ್ಪುತ್ತಾರೆ. ನಂಬರು ನೆನಪಿದ್ದೂ ವಾಕ್ಯ ಅರ್ಥವಾಗದವರಿಗೆ ಲೆಕ್ಕದ ಪ್ರಶ್ನೆ ಬಿಡಿಸಲಾಗದು.

ಓದು ಶುರುವಾಗಬೇಕಾದ್ದು ಬೇರ್ ಆ್ಯಕ್ಟ್‌ನಿಂದ, ಅಂದರೆ ಟೀಕೆ ಟಿಪ್ಪಣಿಗಳಿಲ್ಲದ ಮೂಲ ಕಾಯ್ದೆಯಿಂದ. ಗೈಡುಗಳು ಸಾರಾಂಶ ಕೊಡುತ್ತವೆ. ಪ್ರಶ್ನೆ ತೆಗೆಯುವವರು ಹುಡುಕುವುದು ಸಾರಾಂಶದಲ್ಲಿ ಬಿಟ್ಟುಹೋದದ್ದನ್ನು. 1961ರ ಆದಾಯ ತೆರಿಗೆ ಕಾಯ್ದೆಯ ಹಲವು ಮುಖ್ಯ ಸೆಕ್ಷನ್ನುಗಳಲ್ಲಿ ಮೊದಲು ನಿಯಮ ಬರುತ್ತದೆ, ಆಮೇಲೆ ಅದಕ್ಕೆ ಅಪವಾದ ಹೇಳುವ ಪ್ರೊವೈಸೊ, ಕೊನೆಗೆ ವಿವರಣೆ. ಪ್ರೊವೈಸೊ ಬಿಟ್ಟು ಓದಿದರೆ ಸೆಕ್ಷನ್ ಓದಿದಂತಾಗುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಕಲಿತವರು ಪ್ರತಿ ಸೆಕ್ಷನ್ ಓದಿದ ಮೇಲೆ ಪುಸ್ತಕ ಮುಚ್ಚಿ, ಅದನ್ನು ಸ್ವಂತ ಕನ್ನಡ ವಾಕ್ಯದಲ್ಲಿ ಬರೆದು ನೋಡುವುದು ಬಹಳ ಒಳ್ಳೆಯ ಅಭ್ಯಾಸ. ಯಾರಿಗೆ, ಯಾವಾಗ, ಎಷ್ಟರವರೆಗೆ, ಯಾರನ್ನು ಬಿಟ್ಟು ಎಂಬ ನಾಲ್ಕಕ್ಕೂ ಆ ವಾಕ್ಯದಲ್ಲಿ ಉತ್ತರವಿರಬೇಕು. ಒಂದಕ್ಕೆ ಉತ್ತರ ಸಿಗದಿದ್ದರೂ ಅಷ್ಟು ಭಾಗ ಇನ್ನೂ ಅರ್ಥವಾಗಿಲ್ಲ ಎಂದು ಗೊತ್ತಾಗುತ್ತದೆ.

ನಗದು ವ್ಯವಹಾರದ ಸೆಕ್ಷನ್ನುಗಳಲ್ಲಿ ಇದರ ಬೆಲೆ ಚೆನ್ನಾಗಿ ಕಾಣುತ್ತದೆ. ಸೆಕ್ಷನ್ 40ಎ(3)ರ ಪ್ರಕಾರ ವ್ಯಾಪಾರದ ಖರ್ಚಿಗಾಗಿ ಒಬ್ಬ ವ್ಯಕ್ತಿಗೆ ಒಂದೇ ದಿನದಲ್ಲಿ ಕೊಟ್ಟ ನಗದು 10,000 ರೂಪಾಯಿಯನ್ನು ಮೀರಿದರೆ ಆ ಖರ್ಚನ್ನು ಆದಾಯದಿಂದ ಕಳೆಯುವಂತಿಲ್ಲ. ಸರಿಯಾಗಿ 10,000 ಕೊಟ್ಟಿದ್ದರೆ ತೊಂದರೆಯಿಲ್ಲ, ಮೀರಬೇಕು. ಬೆಳಿಗ್ಗೆ 6,000, ಸಂಜೆ 7,000 ಎಂದು ಎರಡು ಬಿಲ್ಲು ಮಾಡಿದರೂ ಅದೇ ವ್ಯಕ್ತಿ, ಅದೇ ದಿನವಾದರೆ ಎರಡನ್ನೂ ಕೂಡಿಸಲೇಬೇಕು. ಆಗ ಪೂರ್ತಿ 13,000 ಹೋಗುತ್ತದೆ, ಮೀರಿದ 3,000 ಮಾತ್ರವಲ್ಲ. ಸರಕು ಸಾಗಿಸುವ ವಾಹನದವರಿಗೆ ಕೊಟ್ಟರೆ ಮಿತಿ 35,000. ಸಾಲ ಮತ್ತು ಠೇವಣಿಗೆ ಸಂಬಂಧಿಸಿದ ಸೆಕ್ಷನ್ 269ಎಸ್‌ಎಸ್‌ನಲ್ಲಿ ಮಾತು ಬೇರೆ. ಅಲ್ಲಿ ‘20,000 ಅಥವಾ ಅದಕ್ಕಿಂತ ಹೆಚ್ಚು’ ಎಂದಿದೆ, ಅಂದರೆ ಸರಿಯಾಗಿ 20,000 ನಗದಾಗಿ ಪಡೆದರೂ ತಪ್ಪೇ. ಸೆಕ್ಷನ್ 269ಎಸ್‌ಟಿಯ ಎರಡು ಲಕ್ಷದ ಮಿತಿಯೂ ಹಾಗೆಯೇ. 40ಎ(3)ರಲ್ಲಿ ಕೊಟ್ಟವನ ಖರ್ಚಿಗೆ ಕತ್ತರಿ ಬೀಳುತ್ತದೆ. 269ಎಸ್‌ಎಸ್‌ನಲ್ಲಿ ಪಡೆದವನಿಗೆ, ಪಡೆದಷ್ಟೇ ಮೊತ್ತದ ದಂಡ. ಸಾಲ ಕೊಟ್ಟವನೂ ಪಡೆದವನೂ ಕೃಷಿ ಆದಾಯದವರಾಗಿದ್ದು, ಇಬ್ಬರಿಗೂ ತೆರಿಗೆ ಬೀಳುವ ಬೇರೆ ಆದಾಯವಿಲ್ಲದಿದ್ದರೆ ದಂಡವೂ ಇಲ್ಲ. ನಾಲ್ಕು ಆಯ್ಕೆಗಳ ಪ್ರಶ್ನೆಯಲ್ಲಿ ತಪ್ಪು ಉತ್ತರಗಳು ಹುಟ್ಟುವುದು ಇಂಥ ಸಣ್ಣ ವ್ಯತ್ಯಾಸಗಳಿಂದಲೇ.

ಸೆಕ್ಷನ್ ಓದಿದ ಮೇಲೆ ಅದರ ಜೊತೆಗಿರುವ ನಿಯಮವನ್ನೂ ತೆರೆಯಬೇಕು. 40ಎ(3)ಕ್ಕೆ 1962ರ ಆದಾಯ ತೆರಿಗೆ ನಿಯಮಾವಳಿಯ 6ಡಿಡಿ ನಿಯಮ ಹಲವು ವಿನಾಯಿತಿಗಳನ್ನು ಕೊಟ್ಟಿದೆ. ಸಾಗರದ ಮಂಡಿ ವರ್ತಕರೊಬ್ಬರು ಅಡಿಕೆ ಬೆಳೆಗಾರನಿಗೆ ನೇರವಾಗಿ 80,000 ನಗದು ಕೊಟ್ಟಿದ್ದಾರೆ ಎನ್ನೋಣ. ಕೃಷಿ ಉತ್ಪನ್ನವನ್ನು ಬೆಳೆದವನಿಗೇ ಹಣ ಕೊಟ್ಟಿರುವುದರಿಂದ ಖರ್ಚು ಉಳಿಯುತ್ತದೆ. ಅದೇ ಅಡಿಕೆಯನ್ನು ಇನ್ನೊಬ್ಬ ವ್ಯಾಪಾರಿಯಿಂದ ಕೊಂಡಿದ್ದರೆ ಈ ವಿನಾಯಿತಿ ಇಲ್ಲ. ಸರಕು ಒಂದೇ, ಹಣವೂ ಒಂದೇ. ಪಡೆದವರು ಯಾರು ಎಂಬುದರ ಮೇಲೆ ಉತ್ತರ ನಿಂತಿದೆ. ಅಭ್ಯಾಸದ ಪ್ರಶ್ನೆಯನ್ನು ಒಮ್ಮೆ ಬಿಡಿಸಿ ಮುಗಿಸದೆ, ಅದರ ಒಂದೊಂದೇ ಸಂಗತಿ ಬದಲಿಸಿ ಮತ್ತೆ ಬಿಡಿಸುವುದರಿಂದ ಈ ಸೂಕ್ಷ್ಮ ಕೈವಶವಾಗುತ್ತದೆ. ಹತ್ತು ಪ್ರಶ್ನೆಗಳನ್ನು ಓಡಿಸುವುದಕ್ಕಿಂತ ಒಂದೇ ಪ್ರಶ್ನೆಯನ್ನು ಐದು ಬಗೆಯಲ್ಲಿ ತಿರುಗಿಸಿ ನೋಡುವುದರಲ್ಲಿ ಲಾಭ ಹೆಚ್ಚು.

ತೆರಿಗೆ ಲೆಕ್ಕ ಹಾಕುವ ಪ್ರಶ್ನೆಗಳಲ್ಲಿ ಕ್ರಮವೇ ಮುಖ್ಯ. ವ್ಯಕ್ತಿ ಭಾರತದ ನಿವಾಸಿಯೇ ಎಂಬುದು ಮೊದಲ ಪ್ರಶ್ನೆ, ಯಾಕೆಂದರೆ ವಿದೇಶದ ಆದಾಯ ಸೇರಬೇಕೋ ಬೇಡವೋ ಎಂಬುದು ಅದರ ಮೇಲಿದೆ. ಆಮೇಲೆ ಸಂಬಳ, ಮನೆ ಬಾಡಿಗೆ, ವ್ಯಾಪಾರ ಅಥವಾ ವೃತ್ತಿ, ಬಂಡವಾಳ ಲಾಭ, ಇತರ ಮೂಲ ಎಂಬ ಐದು ಶೀರ್ಷಿಕೆಗಳು. ನಂತರ ನಷ್ಟದ ಹೊಂದಾಣಿಕೆ, ಕಡಿತಗಳು, ದರ, ರಿಬೇಟ್, ಸೆಸ್. ಮಧ್ಯದ ಒಂದು ಮೆಟ್ಟಿಲು ಹಾರಿದರೆ ಕೂಡಿಸು ಕಳೆ ಎಲ್ಲ ಸರಿಯಿದ್ದೂ ಕೊನೆಯ ಮೊತ್ತ ತಪ್ಪುತ್ತದೆ.

ಕಾಫಿ ಬೆಳೆಗಾರರ ಲೆಕ್ಕ ಇದಕ್ಕೆ ತಕ್ಕ ಅಭ್ಯಾಸ. ಸಂವಿಧಾನವು ಕೃಷಿ ಆದಾಯದ ಮೇಲೆ ತೆರಿಗೆ ಹಾಕುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿದೆ. ಕೇಂದ್ರದ ಆದಾಯ ತೆರಿಗೆ ಅದನ್ನು ಮುಟ್ಟುವಂತಿಲ್ಲ. ಕಾಫಿ ತೋಟದಿಂದ ಹೊರಟು ಕ್ಯೂರಿಂಗ್ ಆಗಿ, ಹುರಿದು ಪುಡಿಯಾಗುವಷ್ಟರಲ್ಲಿ ಕೃಷಿಯ ಜೊತೆಗೆ ಉದ್ಯಮವೂ ಸೇರಿಕೊಳ್ಳುತ್ತದೆ. 1962ರ ನಿಯಮಾವಳಿಯ 7ಬಿ ಇದಕ್ಕೆ ಗೆರೆ ಎಳೆದಿದೆ: ತಾನೇ ಬೆಳೆದು ಕ್ಯೂರಿಂಗ್ ಮಾಡಿ ಮಾರಿದರೆ ಆದಾಯದ ಶೇ 25ರಷ್ಟು ವ್ಯಾಪಾರದ್ದು, ಹುರಿದು ಪುಡಿ ಮಾಡಿ ಮಾರಿದರೆ, ಚಿಕೋರಿ ಬೆರೆತರೂ ಬೆರೆಯದಿದ್ದರೂ, ಶೇ 40. ಉಳಿದದ್ದು ಕೃಷಿಯದು.

ಕೊಡಗಿನ ಬೆಳೆಗಾರರೊಬ್ಬರಿಗೆ 2025-26ರಲ್ಲಿ ತಮ್ಮದೇ ತೋಟದ ಕಾಫಿಯನ್ನು ಹುರಿದು ಪುಡಿ ಮಾಡಿ ಮಾರಿದ್ದರಿಂದ 40 ಲಕ್ಷ ರೂಪಾಯಿ ನಿವ್ವಳ ಆದಾಯ ಬಂದಿದೆ, ಬೇರೆ ಆದಾಯವಿಲ್ಲ, ಹೊಸ ತೆರಿಗೆ ಪದ್ಧತಿಯಲ್ಲಿದ್ದಾರೆ ಎಂದಿಟ್ಟುಕೊಳ್ಳೋಣ. ವ್ಯಾಪಾರದ ಪಾಲು 16 ಲಕ್ಷ, ಕೃಷಿಯ ಪಾಲು 24 ಲಕ್ಷ. ಅವಸರದವರು 16 ಲಕ್ಷಕ್ಕೆ ಸ್ಲ್ಯಾಬ್ ಪ್ರಕಾರ 1,20,000 ಎಂದು ಬರೆದು ಮುಂದೆ ಹೋಗುತ್ತಾರೆ. ಆದರೆ ಕೃಷಿ ಆದಾಯ 5,000 ಮೀರಿ, ಉಳಿದ ಆದಾಯ ಮೂಲ ವಿನಾಯಿತಿ ಮಿತಿಯನ್ನು ದಾಟಿದಾಗ ದರ ನಿಗದಿಗಾಗಿ ಎರಡನ್ನೂ ಕೂಡಿಸಬೇಕು. ಒಟ್ಟು 40 ಲಕ್ಷಕ್ಕೆ ತೆರಿಗೆ 7,80,000. ಕೃಷಿ ಆದಾಯ 24 ಲಕ್ಷಕ್ಕೆ ಮೂಲ ವಿನಾಯಿತಿಯ 4 ಲಕ್ಷ ಸೇರಿಸಿದರೆ 28 ಲಕ್ಷ. ಅದಕ್ಕೆ ತೆರಿಗೆ 4,20,000. ಎರಡರ ವ್ಯತ್ಯಾಸ 3,60,000. ಶೇ 4ರ ಸೆಸ್ 14,400 ಕೂಡಿಸಿದರೆ ಕಟ್ಟಬೇಕಾದ್ದು 3,74,400. ಕೃಷಿ ಆದಾಯಕ್ಕೆ ನೇರವಾಗಿ ತೆರಿಗೆ ಬಿದ್ದಿಲ್ಲ. ಉಳಿದ ಆದಾಯವನ್ನು ಮೇಲಿನ ಸ್ಲ್ಯಾಬಿಗೆ ಅದು ಏರಿಸಿದೆ. ಅದೇ ಬೆಳೆಗಾರರು ಕ್ಯೂರಿಂಗ್ ಕೂಡ ಮಾಡದೆ ಫಸಲನ್ನು ಹಾಗೆಯೇ ಮಾರಿದ್ದರೆ ಪೂರ್ತಿ ಮೊತ್ತ ಕೃಷಿ ಆದಾಯವಾಗಿ, ಕೇಂದ್ರದ ತೆರಿಗೆ ಸೊನ್ನೆಯಾಗುತ್ತಿತ್ತು.

ರಿಬೇಟ್ ಇನ್ನೊಂದು ತೊಡಕಿನ ಜಾಗ. ಹೊಸ ಪದ್ಧತಿಯಲ್ಲಿ 2025-26ರಿಂದ ನಿವಾಸಿ ವ್ಯಕ್ತಿಯ ಆದಾಯ 12 ಲಕ್ಷದವರೆಗಿದ್ದರೆ 60,000ದವರೆಗಿನ ತೆರಿಗೆ ಮಾಫಿ. ಆದಾಯ 12,10,000 ಆದಾಗ ಸ್ಲ್ಯಾಬ್ ಪ್ರಕಾರ ತೆರಿಗೆ 61,500 ಬರುತ್ತದೆ. ಹತ್ತು ಸಾವಿರ ಹೆಚ್ಚು ದುಡಿದದ್ದಕ್ಕೆ ಅರವತ್ತೊಂದು ಸಾವಿರ ಕಟ್ಟಿಸುವುದು ನ್ಯಾಯವಲ್ಲವಾದ್ದರಿಂದ, ಮಿತಿ ಮೀರಿದ 10,000ಕ್ಕೆ ತೆರಿಗೆಯನ್ನು ನಿಲ್ಲಿಸಲಾಗುತ್ತದೆ; ಸೆಸ್ ಸೇರಿ 10,400. ಷೇರು ಮಾರಿದ ಲಾಭದಂತಹ ವಿಶೇಷ ದರದ ಆದಾಯದ ಮೇಲಿನ ತೆರಿಗೆಗೆ ಈ ರಿಬೇಟ್ ಅನ್ವಯಿಸುವುದಿಲ್ಲ.

ಕಾರ್ಯವಿಧಾನದ ಸೆಕ್ಷನ್ನುಗಳನ್ನು ಬಿಡಿಬಿಡಿಯಾಗಿ ಓದಿದರೆ ಒಂದೂ ನೆನಪಿನಲ್ಲಿ ನಿಲ್ಲುವುದಿಲ್ಲ. ಒಂದು ರಿಟರ್ನ್ ಹುಟ್ಟಿದಲ್ಲಿಂದ ಅದರ ಹಿಂದೆಯೇ ನಡೆಯಬೇಕು. 139ರಲ್ಲಿ ರಿಟರ್ನ್ ಸಲ್ಲಿಕೆ. 143(1)ರಲ್ಲಿ ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರದಿಂದ ಬರುವ ಸೂಚನಾ ಪತ್ರ. ತನಿಖೆಗೆ ಆಯ್ಕೆಯಾದರೆ 143(2)ರ ನೋಟಿಸ್. ಕೊನೆಗೆ 143(3)ರ ಆದೇಶ, ತೆರಿಗೆದಾರ ಸಹಕರಿಸದಿದ್ದರೆ 144ರದ್ದು. ಆದೇಶದ ಮೇಲೆ 154ರ ತಿದ್ದುಪಡಿ, 246ಎ ಅಡಿಯ ಮೇಲ್ಮನವಿ, 263ರಲ್ಲಿ ಆಯುಕ್ತರ ಪುನರ್ವಿಮರ್ಶೆ. ಪ್ರತಿಯೊಂದಕ್ಕೂ ಗಡುವಿದೆ, ಗಡುವು ಎಲ್ಲಿಂದ ಶುರು ಎಂಬುದು ಒಂದೊಂದಕ್ಕೂ ಬೇರೆ. ಮೇಲ್ಮನವಿಗೆ 30 ದಿನ. ತಿದ್ದುಪಡಿಗೆ, ಆದೇಶವಾದ ಹಣಕಾಸು ವರ್ಷ ಮುಗಿದ ಮೇಲೆ 4 ವರ್ಷ. ಆಯುಕ್ತರ ಪುನರ್ವಿಮರ್ಶೆಗೆ ಹಾಗೆಯೇ 2 ವರ್ಷ. 143(2)ರ ನೋಟಿಸ್ ಮಾತ್ರ ರಿಟರ್ನ್ ಸಲ್ಲಿಸಿದ ಹಣಕಾಸು ವರ್ಷ ಮುಗಿದು 3 ತಿಂಗಳೊಳಗೆ ತೆರಿಗೆದಾರನಿಗೆ ತಲುಪಿರಬೇಕು. 2025ರ ಜುಲೈ 31ರಂದು ಸಲ್ಲಿಸಿದ ರಿಟರ್ನಿಗೆ ಕೊನೆಯ ದಿನ 2026ರ ಜೂನ್ 30. ಜೂನ್ 30ರಂದು ಸಹಿಯಾಗಿ ಜುಲೈ 2ರಂದು ಕೈಸೇರಿದ ನೋಟಿಸ್ ನಿಲ್ಲುವುದಿಲ್ಲ. ಕಚೇರಿಯ ಕಡತಗಳೇ ಇಲ್ಲಿ ಒಳ್ಳೆಯ ಪಠ್ಯ: ಮುಗಿದ ಒಂದು ಕಡತ ತೆರೆದು, ಪ್ರತಿ ಕಾಗದದ ಪಕ್ಕದಲ್ಲಿ ಅದು ಯಾವ ಸೆಕ್ಷನ್ನಿನಡಿ, ಯಾವ ಗಡುವಿನೊಳಗೆ ಹೊರಟಿತು ಎಂದು ಗುರುತಿಸುತ್ತಾ ಹೋದರೆ ಇಡೀ ಅಧ್ಯಾಯ ಕಣ್ಣ ಮುಂದೆ ಬರುತ್ತದೆ.

ತೀರ್ಪುಗಳನ್ನು ರಾಶಿ ಹಾಕಿಕೊಳ್ಳುವ ಅಗತ್ಯವಿಲ್ಲ. ಆಯ್ದ ಕೆಲವನ್ನು ಘಟನೆ ಸಮೇತ ತಿಳಿದಿದ್ದರೆ ಸಾಕು. ಬಿ.ಸಿ. ಶ್ರೀನಿವಾಸ ಶೆಟ್ಟಿ ಪ್ರಕರಣ ಕರ್ನಾಟಕದ್ದೇ. ಅಗರಬತ್ತಿ ತಯಾರಿಸುವ ಪಾಲುದಾರಿಕೆ ಸಂಸ್ಥೆಯೊಂದು ವಿಸರ್ಜನೆಯಾದಾಗ ಅದರ ಗುಡ್‌ವಿಲ್, ಅಂದರೆ ವರ್ಷಗಳಿಂದ ಗಳಿಸಿದ ಹೆಸರಿನ ಮೌಲ್ಯ, ಒಂದೂವರೆ ಲಕ್ಷ ಎಂದು ನಿಗದಿಯಾಗಿತ್ತು. ಅದರ ಮೇಲೆ ಬಂಡವಾಳ ಲಾಭದ ತೆರಿಗೆ ಹಾಕಬಹುದೇ? ತಾನಾಗಿ ಬೆಳೆದ ಹೆಸರಿಗೆ ಕೊಂಡ ಬೆಲೆ ಇರುವುದಿಲ್ಲ. ಬೆಲೆ ಇಲ್ಲದೆ ಲಾಭ ಲೆಕ್ಕ ಹಾಕಲಾಗದು. ಲೆಕ್ಕ ಹಾಕಲಾಗದಲ್ಲಿ ತೆರಿಗೆಯೂ ಇಲ್ಲ ಎಂದು 1981ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ತೆರಿಗೆ ಹೇರುವ ಸೆಕ್ಷನ್ ಮತ್ತು ಲೆಕ್ಕದ ಸೆಕ್ಷನ್ ಎರಡೂ ಒಂದೇ ವ್ಯವಸ್ಥೆಯ ಭಾಗಗಳು ಎಂಬ ಆ ತತ್ವ ಇಂದಿಗೂ ಉಳಿದಿದೆ. ಗುಡ್‌ವಿಲ್‌ನ ಮಟ್ಟಿಗೆ ಮಾತ್ರ 1987ರ ಹಣಕಾಸು ಕಾಯ್ದೆ ಕೊಂಡ ಬೆಲೆ ಸೊನ್ನೆ ಎಂದು ತಿದ್ದುಪಡಿ ತಂದು ತೆರಿಗೆಗೆ ದಾರಿ ಮಾಡಿತು. ತೀರ್ಪನ್ನೂ ಅದರ ಬೆನ್ನಿಗೆ ಬಂದ ತಿದ್ದುಪಡಿಯನ್ನೂ ಜೋಡಿಯಾಗಿ ಓದದವರು ಹಳೆಯ ಉತ್ತರವನ್ನೇ ಬರೆದು ಅಂಕ ಕಳೆದುಕೊಳ್ಳುತ್ತಾರೆ. ಅಧಿಕಾರಿಯ ಅಭಿಪ್ರಾಯ ಬದಲಾದ ಮಾತ್ರಕ್ಕೆ ಮುಗಿದ ತೆರಿಗೆ ನಿರ್ಧಾರವನ್ನು ಮತ್ತೆ ತೆರೆಯುವಂತಿಲ್ಲ ಎಂದ 2010ರ ಕೆಲ್ವಿನೇಟರ್ ತೀರ್ಪೂ ಈ ಆಯ್ದ ಪಟ್ಟಿಯಲ್ಲಿರಬೇಕು.

ಪುಸ್ತಕ ನೋಡಿ ಬರೆಯುವ ಅವಕಾಶವಿರುವ ಪತ್ರಿಕೆ ಸುಲಭ ಎಂಬುದು ತಪ್ಪು ನಂಬಿಕೆ. ಹುಡುಕುವುದರಲ್ಲೇ ಸಮಯ ಕಳೆದುಹೋಗುತ್ತದೆ. ಪರೀಕ್ಷೆಗೆ ಒಯ್ಯುವ ಪ್ರತಿಯಲ್ಲೇ ತಿಂಗಳುಗಟ್ಟಲೆ ಓದಿದವರ ಬೆರಳು ಪುಟವನ್ನು ತಾನಾಗಿ ಹುಡುಕಿಕೊಳ್ಳುತ್ತದೆ. ಗಡಿಯಾರ ಇಟ್ಟುಕೊಂಡು ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವುದು, ತಪ್ಪಿದ ಪ್ರತಿ ಉತ್ತರದ ಎದುರು ತಪ್ಪಿಗೆ ಕಾರಣ ಬರೆಯುವುದು ತಯಾರಿಯ ಕೊನೆಯ ಹಂತದ ಕೆಲಸ. ಪ್ರೊವೈಸೊ ಬಿಟ್ಟದ್ದೋ, ದಿನಾಂಕ ಎಣಿಸುವಾಗ ಎಡವಿದ್ದೋ, ಬರೀ ಕೂಡಿಸುವ ತಪ್ಪೋ ಎಂದು ವಿಂಗಡಿಸಿದರೆ, ಒಬ್ಬೊಬ್ಬರ ತಪ್ಪುಗಳೂ ಒಂದೆರಡು ಬಗೆಯವೇ ಎಂದು ಬೇಗ ಗೊತ್ತಾಗುತ್ತದೆ.

ಇಷ್ಟರ ಮೇಲೆ ಈಗ ಕಾಯ್ದೆಯೇ ಬದಲಾಗಿದೆ. 1961ರ ಕಾಯ್ದೆಯ ಜಾಗಕ್ಕೆ ಬಂದ ಆದಾಯ ತೆರಿಗೆ ಕಾಯ್ದೆ, 2025ಕ್ಕೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 2025ರ ಆಗಸ್ಟ್ 21ರಂದು. ಜಾರಿಯ ದಿನ 2026ರ ಏಪ್ರಿಲ್ 1. ತಿದ್ದುಪಡಿಗಳಿಂದ ಎಂಟುನೂರು ದಾಟಿದ್ದ ಸೆಕ್ಷನ್ನುಗಳು 536ಕ್ಕೆ ಇಳಿದಿವೆ, ಅಧ್ಯಾಯಗಳು 23. ಹಿಂದಿನ ವರ್ಷ, ಅಸೆಸ್‌ಮೆಂಟ್ ವರ್ಷ ಎಂಬ ಜೋಡಿಯ ಬದಲು ತೆರಿಗೆ ವರ್ಷ ಎಂಬ ಒಂದೇ ಕಲ್ಪನೆ ಬಂದಿದೆ. ಪ್ರೊವೈಸೊ ಮತ್ತು ವಿವರಣೆಗಳು ಉಪಸೆಕ್ಷನ್, ಕೋಷ್ಟಕ, ಸೂತ್ರಗಳಾಗಿ ಮಾರ್ಪಟ್ಟಿವೆ. 80ಸಿಯಲ್ಲಿದ್ದ ಕಡಿತ 123ರಲ್ಲಿದೆ, ಹೊಸ ತೆರಿಗೆ ಪದ್ಧತಿ 202ರಲ್ಲಿ, ಸಂಬಳ ಬಿಟ್ಟು ಉಳಿದ ಪಾವತಿಗಳ ಟಿಡಿಎಸ್ 393ರಲ್ಲಿ ಒಟ್ಟುಗೂಡಿದೆ. ಹಳೆಯ 263 ಆಯುಕ್ತರ ಪುನರ್ವಿಮರ್ಶೆಯಾದರೆ ಹೊಸ 263 ರಿಟರ್ನ್ ಸಲ್ಲಿಕೆ. ನಂಬರು ಉರುಹೊಡೆದವರಿಗೆ ಇದು ಎಲ್ಲವನ್ನೂ ಮೊದಲಿನಿಂದ ಕಲಿಯುವ ಕಷ್ಟ. ನಿಯಮದ ಒಳರಚನೆ ತಿಳಿದವರಿಗೆ ಹೊಸ ವಿಳಾಸ ಗುರುತಿಸಿಕೊಳ್ಳುವ ಕೆಲಸ.

ಹಾಗೆಂದು ಹಳೆಯ ಕಾಯ್ದೆಯನ್ನು ಕಪಾಟಿಗೆ ಸೇರಿಸುವಂತಿಲ್ಲ. 2026ರ ಮಾರ್ಚ್ 31ರವರೆಗಿನ ಆದಾಯಕ್ಕೆ ಸಂಬಂಧಿಸಿದ ರಿಟರ್ನ್, ತನಿಖೆ, ಮೇಲ್ಮನವಿಗಳು 1961ರ ಕಾಯ್ದೆಯ ಪ್ರಕಾರವೇ ನಡೆಯಬೇಕು. ಒಬ್ಬ ವ್ಯಾಪಾರಿ 2026ರ ಜೂನ್ 15ರೊಳಗೆ ಕಟ್ಟುವ ಮುಂಗಡ ತೆರಿಗೆ ಹೊಸ ಕಾಯ್ದೆಯದು. ಅದಾದ ತಿಂಗಳಲ್ಲಿ ಸಲ್ಲಿಸುವ 2025-26ರ ರಿಟರ್ನ್ ಹಳೆಯ ಕಾಯ್ದೆಯ 139ರದ್ದು. ಆದ್ದರಿಂದ ಈಗ ತಯಾರಿಗೆ ಕೂರುವವರು ನೋಟ್‌ಬುಕ್ಕಿನ ಪ್ರತಿ ಪುಟದಲ್ಲಿ ಎರಡು ಅಂಕಣ ಮಾಡಿ, ಒಂದೇ ನಿಯಮವನ್ನು ಎರಡೂ ಕಾಯ್ದೆಗಳಲ್ಲಿ ಎದುರುಬದುರಾಗಿ ಬರೆದುಕೊಳ್ಳಬೇಕು. ಯಾವ ಪ್ರಶ್ನೆ ಕೈಗೆ ಬಂದರೂ ಅದರಲ್ಲಿನ ಆದಾಯ ಯಾವ ವರ್ಷದ್ದು ಎಂಬುದನ್ನು ಮೊದಲು ನೋಡಿ, ಆಮೇಲೆ ಪುಸ್ತಕ ತೆರೆಯಬೇಕು.