ರಕ್ತದಲ್ಲಿ ತಾಮ್ರ, ಮೂತ್ರದಲ್ಲಿ ಕ್ಯಾಡ್ಮಿಯಂ

ಆರೋಗ್ಯವಂತರ ರಕ್ತದಲ್ಲಿ ಕ್ರೋಮಿಯಂ ಎಷ್ಟಿರುತ್ತದೆ? 1960ರ ದಶಕದ ಪ್ರಬಂಧಗಳಲ್ಲಿ ಒಂದು ಅಂಕಿ ಸಿಗುತ್ತದೆ. 1980ರ ದಶಕದವುಗಳಲ್ಲಿ ಸಿಗುವುದು ಸುಮಾರು ಅದರ ನೂರನೇ ಒಂದು ಪಾಲು. ಈ ನಡುವೆ ಮನುಷ್ಯರ ರಕ್ತವೇನೂ ಬದಲಾಗಿರಲಿಲ್ಲ. ಸ್ಟೇನ್‌ಲೆಸ್ ಸ್ಟೀಲ್ ಸೂಜಿಯಿಂದ, ಪ್ರಯೋಗಾಲಯದ ಧೂಳಿನಿಂದ ಸೇರಿದ ಲೋಹವನ್ನೂ ಹಿಂದಿನವರು ರಕ್ತದ ಲೆಕ್ಕಕ್ಕೇ ಬರೆದಿದ್ದರು. ಇಂದಿನ ಯಂತ್ರಗಳು ಮಾದರಿಯನ್ನು ಸೂರ್ಯನ ಮೇಲ್ಮೈಗಿಂತ ಬಿಸಿಯಾದ ಆರ್ಗಾನ್ ಪ್ಲಾಸ್ಮಾಕ್ಕೆ ಸಿಂಪಡಿಸಿ, ಪರಮಾಣುಗಳನ್ನು ತೂಕದ ಪ್ರಕಾರ ಬೇರ್ಪಡಿಸಿ, ಶತಕೋಟಿಯಲ್ಲಿ ಒಂದು ಭಾಗದಷ್ಟಿದ್ದರೂ ಪತ್ತೆಹಚ್ಚುತ್ತವೆ. ಸೂಜಿ, ಶೀಶೆ, ರಬ್ಬರ್ ಬಿರಡೆಗಳ ಕಾಟ ಮಾತ್ರ ಇನ್ನೂ ತಪ್ಪಿಲ್ಲ.

ಇಷ್ಟು ಸೂಕ್ಷ್ಮ ಲೋಹಗಳ ಬೆನ್ನು ಹತ್ತುವುದೇಕೆಂದರೆ, ಶ್ವಾಸಕೋಶದ ಕ್ಯಾನ್ಸರ್ ಸದ್ದಿಲ್ಲದೆ ಬೆಳೆಯುತ್ತದೆ. ಕೆಮ್ಮಿನಲ್ಲಿ ರಕ್ತ ಕಾಣುವ ಹೊತ್ತಿಗೆ ಅನೇಕರಲ್ಲಿ ರೋಗ ಬೇರೆಡೆಗೂ ಹರಡಿರುತ್ತದೆ. 2022ರಲ್ಲಿ ಜಗತ್ತಿನಾದ್ಯಂತ ಸುಮಾರು 25 ಲಕ್ಷ ಜನರಿಗೆ ಈ ರೋಗ ಹೊಸದಾಗಿ ಪತ್ತೆಯಾಯಿತು, ಸುಮಾರು 18 ಲಕ್ಷ ಜನ ಸತ್ತರು. ಒಂದು ಶೀಶೆ ರಕ್ತದಲ್ಲೋ ಮೂತ್ರದಲ್ಲೋ ಮೊದಲೇ ಸುಳಿವು ಸಿಗುವಂತಿದ್ದರೆ ಎಂಬ ಆಸೆ ಸಹಜವೇ.

ಸುಳಿವು ಕೊಡಬಲ್ಲ ಲೋಹಗಳಲ್ಲಿ ಕೆಲವು ಹೊರಗಿನಿಂದ ಬಂದವು, ಕೆಲವು ದೇಹದ್ದೇ. ಹೊರಗಿನವುಗಳಲ್ಲಿ ಮುಖ್ಯವಾದದ್ದು ಕ್ಯಾಡ್ಮಿಯಂ. ತಂಬಾಕಿನ ಗಿಡ, ಹುಣಸೂರಿನದಾಗಲಿ ವರ್ಜೀನಿಯಾದ್ದಾಗಲಿ, ಅದನ್ನು ಮಣ್ಣಿನಿಂದ ಹೀರಿ ಎಲೆಯಲ್ಲಿ ಕೂಡಿಡುತ್ತದೆ. ಒಂದು ಸಿಗರೇಟಿನಲ್ಲಿ ಒಂದೆರಡು ಮೈಕ್ರೋಗ್ರಾಂ ಇರುತ್ತದೆ. ಹೊಗೆಯೊಡನೆ ಒಳಹೊಕ್ಕ ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ಬೀಡುಬಿಟ್ಟರೆ ಅದರ ಅರ್ಧ ಭಾಗ ಹೊರಹೋಗಲು ಹತ್ತರಿಂದ ಮೂವತ್ತು ವರ್ಷ ಬೇಕು. ಹಾಗಾಗಿ ರಕ್ತದ ಕ್ಯಾಡ್ಮಿಯಂ ಮುಖ್ಯವಾಗಿ ಇತ್ತೀಚಿನ ತಿಂಗಳುಗಳ ಕಥೆ ಹೇಳಿದರೆ, ಮೂತ್ರದ್ದು ದಶಕಗಳ ಲೆಕ್ಕ ಒಪ್ಪಿಸುತ್ತದೆ. ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆಯು ಆರು ವೇಲೆನ್ಸಿಯ ಕ್ರೋಮಿಯಂ ಮತ್ತು ನಿಕ್ಕಲ್ ಸಂಯುಕ್ತಗಳನ್ನು 1990ರ ಹೊತ್ತಿಗೆ, ಕ್ಯಾಡ್ಮಿಯಂ ಅನ್ನು 1993ರಲ್ಲಿ ಖಚಿತ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಆದರೂ ಇವು ಹೇಳುವುದು ಅಪಾಯವನ್ನು, ರೋಗವನ್ನಲ್ಲ. ಸಿಗರೇಟು ಸೇದಿದ್ದೀರಾ ಎಂದು ಕೇಳಿದರೂ ಹೆಚ್ಚುಕಡಿಮೆ ಅದೇ ಮಾಹಿತಿ ಸಿಗುತ್ತದೆ (ಎಲ್ಲರೂ ನಿಜ ಹೇಳುವುದಿಲ್ಲ ಅನ್ನಿ). ವೆಲ್ಡಿಂಗ್, ಕ್ರೋಮ್ ಲೇಪನದ ಕೆಲಸಗಾರರ ವಿಷಯದಲ್ಲಿ ಮಾತ್ರ ಇಂಥ ಪರೀಕ್ಷೆಗೆ ಬೇರೆಯದೇ ಬೆಲೆಯಿದೆ.

ದೇಹದ್ದೇ ಆದ ತಾಮ್ರ ಮತ್ತು ಸತುವಿನ ಆಟ ಇನ್ನೂ ಸ್ವಾರಸ್ಯಕರ. ಸೀರಂನಲ್ಲಿ ಇವೆರಡೂ ಸಾಮಾನ್ಯವಾಗಿ ಹತ್ತಿರ ಹತ್ತಿರವೇ ಇರುತ್ತವೆ: 100 ಮಿಲಿಲೀಟರಿಗೆ ತಾಮ್ರ ಸುಮಾರು 70ರಿಂದ 140 ಮೈಕ್ರೋಗ್ರಾಂ, ಸತು 70ರಿಂದ 120. ಗಡ್ಡೆ ಬೆಳೆದಾಗ ಸುತ್ತ ಉರಿಯೂತ ಎದ್ದು, ಇಂಟರ್‌ಲ್ಯೂಕಿನ್-6ರಂಥ ಸಂದೇಶವಾಹಕಗಳು ಯಕೃತ್ತನ್ನು ತಲಪುತ್ತವೆ. ಯಕೃತ್ತು ತಾಮ್ರವನ್ನು ಹೊರುವ ಸೆರುಲೋಪ್ಲಾಸ್ಮಿನ್ ಎಂಬ ಪ್ರೋಟೀನನ್ನು ಹೆಚ್ಚು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಅದೇ ಸಂದೇಶಕ್ಕೆ ಓಗೊಟ್ಟು ಮೆಟಲೋಥಯೊನೀನ್ ಎಂಬ ಇನ್ನೊಂದನ್ನು ತಯಾರಿಸಿ ಸತುವನ್ನು ತನ್ನೊಳಗೇ ಹಿಡಿದಿಡುತ್ತದೆ. ತಾಮ್ರ ಏರಿತು, ಸತು ಇಳಿಯಿತು. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಶ್ವಾಸಕೋಶ ಕ್ಯಾನ್ಸರ್ ರೋಗಿಗಳಲ್ಲಿ ಈ ಅನುಪಾತ ಹೆಚ್ಚಿರುವುದನ್ನು ಹಲವು ತಂಡಗಳು ಕಂಡಿವೆ.

ತೊಡಕಿರುವುದೂ ಇಲ್ಲೇ. ಯಕೃತ್ತಿಗೆ ಸಂದೇಶ ಕಳಿಸಿದ್ದು ಗಡ್ಡೆಯೋ ನ್ಯುಮೋನಿಯಾವೋ ಸಂಧಿವಾತವೋ ಎಂಬ ಭೇದ ತಿಳಿಯದು. ಗರ್ಭಿಣಿಯರಲ್ಲೂ ತಾಮ್ರ ಏರುತ್ತದೆ. ಮೈ ಬಿಸಿಯಾದದ್ದನ್ನು ಮುಟ್ಟಿ ನೋಡಿ ಕಾಯಿಲೆಯ ಹೆಸರು ಹೇಳಹೊರಟಂತೆ ಇದು. ಭಾರತದ ಮಟ್ಟಿಗೆ ದೊಡ್ಡ ತಲೆನೋವು ಕ್ಷಯ. ಸಕ್ರಿಯ ಕ್ಷಯದಲ್ಲೂ ಈ ಅನುಪಾತ ಏರಿ, ಚಿಕಿತ್ಸೆ ಫಲಿಸಿದಂತೆ ಇಳಿಯುತ್ತದೆ. ಕ್ಯಾನ್ಸರ್ ರೋಗಿಗಳನ್ನು ಮೊದಲು ಕ್ಷಯವೆಂದೇ ತಿಳಿದು ತಿಂಗಳುಗಟ್ಟಲೆ ಔಷಧ ಕೊಟ್ಟ ಪ್ರಕರಣಗಳು ನಮ್ಮಲ್ಲಿ ವಿರಳವಲ್ಲ. ಆ ಗೊಂದಲ ಬಿಡಿಸಬೇಕಾದ ಕಡೆಯಲ್ಲೇ ತಾಮ್ರ–ಸತು ಕೈಕೊಡುತ್ತವೆ.

ಲೆಕ್ಕ ಹಾಕಿ ನೋಡೋಣ. ವರ್ಷಾನುಗಟ್ಟಲೆ ಸೇದಿದ ಸಾವಿರ ಜನರಲ್ಲಿ ಹತ್ತು ಮಂದಿಗೆ ಕ್ಯಾನ್ಸರ್ ಇದೆ ಎಂದುಕೊಳ್ಳಿ. ಪರೀಕ್ಷೆ ರೋಗವಿದ್ದವರಲ್ಲೂ ಇಲ್ಲದವರಲ್ಲೂ ನೂರಕ್ಕೆ ತೊಂಬತ್ತು ಸಲ ಸರಿಯಾಗಿರಲಿ. ಹತ್ತರಲ್ಲಿ ಒಂಬತ್ತು ಸಿಕ್ಕವು. ಉಳಿದ 990 ಜನರಲ್ಲಿ 99 ಮಂದಿಯನ್ನು ಸುಮ್ಮನೆ ಹೆದರಿಸಿದಂತಾಯಿತು. ಕಡಿಮೆ ವಿಕಿರಣದ ಸಿ.ಟಿ. ಸ್ಕ್ಯಾನಿಗೂ ಈ ದೋಷ ತಪ್ಪಿದ್ದಲ್ಲ. 2011ರಲ್ಲಿ ಪ್ರಕಟವಾದ, 53 ಸಾವಿರಕ್ಕೂ ಹೆಚ್ಚು ಜನ ಪಾಲ್ಗೊಂಡ ಅಮೆರಿಕದ ಅಧ್ಯಯನದಲ್ಲಿ ಅದು ಶ್ವಾಸಕೋಶ ಕ್ಯಾನ್ಸರಿನ ಸಾವನ್ನು ಶೇ. 20ರಷ್ಟು ತಗ್ಗಿಸಿತು, ಆದರೆ ಅಲ್ಲಿ ಅನುಮಾನ ಹುಟ್ಟಿಸಿದ ಸ್ಕ್ಯಾನುಗಳಲ್ಲಿ ಶೇ. 95ಕ್ಕೂ ಹೆಚ್ಚಿನವು ಕ್ಯಾನ್ಸರ್ ಆಗಿರಲಿಲ್ಲ. ಲೋಹದ ಪರೀಕ್ಷೆಗೆ ಜಾಗವಿದ್ದರೆ, ನನ್ನ ಎಣಿಕೆಯಲ್ಲಿ, ಸ್ಕ್ಯಾನಿನ ನಂತರ: ಯಾವ ಗಂಟಿಗೆ ಬಯಾಪ್ಸಿ ಬೇಕು, ಯಾವುದನ್ನು ಕಾದು ನೋಡಬಹುದು ಎಂದು ತೂಗುವಾಗ.

ಉಸಿರನ್ನು ತಂಪಾಗಿಸಿ ಹನಿಗಟ್ಟಿಸಿ, ಆ ನೀರಿನಲ್ಲಿ ಲೋಹ ಹುಡುಕುವವರೂ ಇದ್ದಾರೆ. ಅದು ಶ್ವಾಸಕೋಶದಿಂದ ನೇರವಾಗಿ ಬಂದದ್ದು ಎಂಬುದು ಅನುಕೂಲ. ಉಸಿರಿನಿಂದ ಉಸಿರಿಗೆ ಅದರ ಸಾಂದ್ರತೆ ಬದಲಾಗುವುದು ಅನನುಕೂಲ.

ಫ್ರಾನ್ಸಿನ ಲಿಯೋಂನ ಭೂರಸಾಯನ ವಿಜ್ಞಾನಿಗಳು ಹಿಡಿದ ದಾರಿ ಬೇರೆ. ತಾಮ್ರದಲ್ಲಿ 63 ಮತ್ತು 65 ಎಂಬ ಎರಡು ಸ್ಥಿರ ಐಸೊಟೋಪುಗಳಿವೆ. ಕಲ್ಲುಗಳ ಚರಿತ್ರೆ ಓದಲು ಬಳಸುವ ಉಪಕರಣದಿಂದಲೇ ಇವರು ರಕ್ತವನ್ನು ಅಳೆದರು. ಸ್ತನ ಮತ್ತು ದೊಡ್ಡ ಕರುಳಿನ ಕ್ಯಾನ್ಸರ್ ರೋಗಿಗಳ ಸೀರಂ ತಾಮ್ರದಲ್ಲಿ ಹಗುರ ಐಸೊಟೋಪಿನ ಪಾಲು ಹೆಚ್ಚಿರುವುದನ್ನು 2015ರಲ್ಲಿ ವರದಿ ಮಾಡಿದರು. ಅದು ಚಿಕ್ಕ, ಪ್ರಾಥಮಿಕ ಅಧ್ಯಯನ, ಶ್ವಾಸಕೋಶದ್ದೂ ಅಲ್ಲ. ಇದೇ ವಿಧಾನವನ್ನು ಇಲ್ಲಿ ಪರೀಕ್ಷಿಸುವವರು ಹೋಲಿಕೆಗೆ ಆರೋಗ್ಯವಂತ ರಕ್ತದಾನಿಗಳನ್ನಷ್ಟೇ ಆರಿಸಿಕೊಂಡರೆ ಫಲಿತಾಂಶ ಚೆನ್ನಾಗಿಯೇ ಬಂದೀತು. ಹೋಲಿಸಬೇಕಾದದ್ದು ಎದೆರೋಗದ ಹೊರರೋಗಿ ವಿಭಾಗದಲ್ಲಿ ಕೆಮ್ಮುತ್ತಾ ಕೂತ ಕ್ಷಯದವರೊಡನೆ, ಬೀಡಿ ಸೇದಿ ಶ್ವಾಸನಾಳ ಕೆಡಿಸಿಕೊಂಡವರೊಡನೆ.