ಹದಿಮೂರನೆಯ ಎಲೆ



ಇಸ್ಪೀಟಿನ ಎಲೆಯೊಂದನ್ನು ಕುರಿತು ವೈದ್ಯರು ಉಪನ್ಯಾಸ ಮಾಡುವುದು ತಮಗೆ ವಿಚಿತ್ರವೆನಿಸಬಹುದು. ಟ್ಯಾರೋ ಎಲೆಗಳಿಂದ ಭವಿಷ್ಯವನ್ನು ಅರಿಯಬಹುದೆಂದು ನಾವು ನಂಬುವವರಲ್ಲ. ಆದರೆ ಚಿತ್ರವೊಂದರ ಅರ್ಥವನ್ನು ಸ್ವಂತ ಅಭ್ಯಾಸದಿಂದಲೇ ಕಂಡುಕೊಳ್ಳಬಹುದೇ ಎಂಬ ಪ್ರಶ್ನೆ ನಮ್ಮ ವೃತ್ತಿಗೆ ದೂರವಾದುದಲ್ಲ. ಅದಕ್ಕಾಗಿ 78 ಎಲೆಗಳ ಕಟ್ಟಿನಿಂದ ಹದಿಮೂರನೆಯದನ್ನು ಆರಿಸಿಕೊಂಡೆವು. ಅದರ ಹೆಸರು 'ಮೃತ್ಯು'.

ಟ್ಯಾರೋ ಹುಟ್ಟಿದ್ದು 15ನೆಯ ಶತಮಾನದ ಉತ್ತರ ಇಟಲಿಯಲ್ಲಿ. ನಮ್ಮ ಮೈಸೂರಿನ ಗಂಜೀಫಾದಂತೆ ಅದೂ ಮೊದಲಿಗೆ ಆಟದ ಎಲೆಯೇ. 1781ರಲ್ಲಿ ಕೂರ್ ದ ಜೆಬೆಲಿನ್ ಎಂಬ ಫ್ರೆಂಚ್ ವಿದ್ವಾಂಸರು ಇದು ಪ್ರಾಚೀನ ಈಜಿಪ್ಟಿನ ಗುಪ್ತಜ್ಞಾನವೆಂದು ಆಧಾರವಿಲ್ಲದೆ ಬರೆದರು. ಭವಿಷ್ಯ ಹೇಳುವ ಪದ್ಧತಿ ಹಬ್ಬಿದ್ದು ಆ ಕಾಲದಿಂದೀಚೆಗೆ. ಇಂದು ಬಹುಪರಿಚಿತವಾದ ಚಿತ್ರಗಳನ್ನು 1909ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಕಟ್ಟಿಗಾಗಿ ರಚಿಸಿದವರು ಪಮೇಲಾ ಕೋಲ್‌ಮನ್ ಸ್ಮಿತ್ ಎಂಬ ಕಲಾವಿದೆ.

ನಮ್ಮ ಅಭ್ಯಾಸಕ್ರಮ ರೋಗಿಯ ಹಾಸಿಗೆಯ ಬದಿಯಲ್ಲಿ ಕಲಿತದ್ದೇ: ಮೊದಲು ನೋಡುವುದು, ಕಂಡದ್ದನ್ನು ಬರೆಯುವುದು, ನಿರ್ಣಯವನ್ನು ಕೊನೆಗಿಡುವುದು. ಕಂಡದ್ದು ಇಷ್ಟು. ಕವಚ ತೊಟ್ಟ ಅಸ್ಥಿಪಂಜರ ಬಿಳಿಯ ಕುದುರೆಯನ್ನೇರಿ ಬರುತ್ತಿದೆ. ಅದರ ಕಪ್ಪು ಧ್ವಜದಲ್ಲಿ ಬಿಳಿಯ ಗುಲಾಬಿ. ಅರಸನು ನೆಲಕ್ಕುರುಳಿದ್ದಾನೆ; ಧರ್ಮಗುರು ಕೈಜೋಡಿಸಿ ನಿಂತಿದ್ದಾನೆ; ತರುಣಿಯೊಬ್ಬಳು ಮೊಣಕಾಲೂರಿ ಮುಖ ತಿರುಗಿಸಿಕೊಂಡಿದ್ದಾಳೆ; ಅವಳ ಪಕ್ಕದ ಮಗು ಮುಖವೆತ್ತಿ ನೋಡುತ್ತಿದೆ. ದೂರದಲ್ಲಿ ಎರಡು ಗೋಪುರಗಳ ನಡುವೆ ಸೂರ್ಯನಿದ್ದಾನೆ.

ಬಳಿಕ ಕೈಪಿಡಿಗಳನ್ನು ತೆರೆದೆವು. 'ಹೆದರಬೇಡಿ, ಇದು ಸಾವಲ್ಲ, ಬದಲಾವಣೆ ಮಾತ್ರ' ಎಂದೇ ಅನೇಕವು ಹೇಳುತ್ತವೆ. ಸೂರ್ಯನನ್ನು ಕಂಡಾಗ ಅದು ಅರ್ಧ ಸತ್ಯವೆನಿಸುತ್ತದೆ. ಆದರೆ ನೆಲದ ಮೇಲಿನ ಅರಸನಿಗೆ ಅದು ಬದಲಾವಣೆ ಮಾತ್ರವಲ್ಲ. ಸ್ವೀಡನ್ನಿನಲ್ಲಿ 1988ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ, ಮೆದುಳಿನ ಸಮಸ್ತ ಕಾರ್ಯಗಳೂ ಮರಳಿ ಬಾರದಂತೆ ಸಂಪೂರ್ಣವಾಗಿ ನಿಂತಾಗ ಮನುಷ್ಯನು ಮೃತನು. ಅಲ್ಲಿ ಮೃದುಮಾತಿಗೆ ಎಡೆಯಿಲ್ಲ.

ಸ್ಟಾಕ್‌ಹೋಮಿನ ಉತ್ತರಕ್ಕಿರುವ ಟೇಬಿ ಚರ್ಚಿನ ಚಾವಣಿಯಲ್ಲಿ ಈ ಎಲೆಯ ಬಂಧುವೊಂದಿದೆ. ಆಲ್ಬರ್ಟಸ್ ಪಿಕ್ಟರ್ 1480ರ ದಶಕದಲ್ಲಿ ಅಲ್ಲಿ ಮನುಷ್ಯನೊಡನೆ ಚದುರಂಗವಾಡುವ ಮೃತ್ಯುವನ್ನು ಚಿತ್ರಿಸಿದನು. 1957ರಲ್ಲಿ ತೆರೆಕಂಡ 'ಏಳನೆಯ ಮುದ್ರೆ' ಚಲನಚಿತ್ರಕ್ಕೆ ಇಂಗ್ಮಾರ್ ಬರ್ಗ್‌ಮನ್ ಅವರಿಗೆ ಪ್ರೇರಣೆಯಿತ್ತದ್ದು ಇದೇ ಚಿತ್ರ. ಎಲೆಯಲ್ಲಿ ಮೃತ್ಯು ಬಂದಾಗಿದೆ. ಟೇಬಿಯಲ್ಲಿ ಆಟ ಇನ್ನೂ ನಡೆದಿದೆ. ಸೋಲು ನಿಶ್ಚಿತವಾದರೂ ಕೆಲವು ನಡೆಗಳು ಉಳಿದಿವೆ. ವೈದ್ಯರಾದ ನಾವು ರೋಗಿಗಾಗಿ ಕಾಪಾಡಬೇಕಾದುದು ಈ ನಡುವಣ ಕಾಲವನ್ನೇ.

ಹೀಗೆ ನೋಡುತ್ತ ಹೋದಾಗ ನಮ್ಮ ದೃಷ್ಟಿ ಆ ಮಗುವಿನ ಮೇಲೆ ನಿಂತಿತು. ಕೈಪಿಡಿಯಲ್ಲಿ ದೊರೆಯದ ಹೆಸರು ನಮ್ಮ ಕಠೋಪನಿಷತ್ತಿನಲ್ಲಿ ದೊರೆಯಿತು: ನಚಿಕೇತ. ಯಮನ ಮನೆಯಲ್ಲಿ ಮೂರು ರಾತ್ರಿ ಕಾದು, ಮೂರನೆಯ ವರವಾಗಿ ಮರಣದ ರಹಸ್ಯವನ್ನೇ ಕೇಳಿದ ಬಾಲಕನವನು. ಸಂಪತ್ತು, ದೀರ್ಘಾಯುಷ್ಯಗಳ ಆಮಿಷಕ್ಕೂ ಅವನು ಪ್ರಶ್ನೆಯನ್ನು ಬಿಡಲಿಲ್ಲ. ನಮ್ಮ ಪಾಲಿಗೆ ಹದಿಮೂರನೆಯ ಎಲೆಯ ಅರ್ಥ ಇದೇ: ಮುಖ ತಿರುಗಿಸದೆ ಕೇಳುವುದು.

ಪರದೇಶದಲ್ಲಿರುವ ನಮಗೆ ಇದು ಬರಿಯ ತತ್ತ್ವವಲ್ಲ. ಊರಿನಿಂದ 'ಅಪ್ಪನಿಗೆ ಸ್ವಲ್ಪ ಹುಷಾರಿಲ್ಲ, ಗಾಬರಿಯಾಗಬೇಡ' ಎಂಬ ಫೋನು ಬರುತ್ತದೆ. ಪ್ರೀತಿಯಿಂದ ಆಡಿದ ಮಾತೇ ಅದು. ಆದರೆ ಅದನ್ನು ನಂಬಿ ತಡಮಾಡಿದವರು ವಿಮಾನವಿಳಿಯುವಷ್ಟರಲ್ಲಿ ಸಂಸ್ಕಾರವೇ ಮುಗಿದಿರುವುದುಂಟು. 'ಅಮ್ಮನಿಗೆ ಹೇಳಬೇಡಿ ಡಾಕ್ಟರೇ' ಎಂಬ ಕೋರಿಕೆಯೂ ಅದೇ ಪ್ರೀತಿಯದು. ಹೇಳಬೇಕಾದ ಕೊನೆಯ ಮಾತುಗಳನ್ನು ಅದು ಅಮ್ಮನಿಂದ ಕಸಿದುಕೊಳ್ಳುತ್ತದೆ. ಆದುದರಿಂದ ಊರಿನ ವೈದ್ಯರನ್ನು ನೇರವಾಗಿ ಕೇಳಿರಿ: 'ಈಗಲೇ ಹೊರಡಬೇಕೇ?' ತಂದೆತಾಯಿಗಳು ಆರೋಗ್ಯವಾಗಿರುವಾಗಲೇ ಅವರ ಇಚ್ಛೆಗಳನ್ನು ಕೇಳಿ ತಿಳಿದಿರಿ.